ಗಾಲಿಗೆ ಕೊಟ್ಟ ಕಲ್ಲು

ಲಾರಿಯ ಸ್ಟೇರಿಂಗ್ ಮುಟ್ಟುವ ಮೊದಲೇ ಕಂಪನಿಯವರು ನನ್ನ ಫೋಟೋ ತೆಗೆದುಕೊಂಡರು. ಗೋವಾದ ವೆರ್ಣಾ ಯಾರ್ಡಿನಲ್ಲಿ ತೊಳೆದು ನಿಲ್ಲಿಸಿದ್ದ ಹೊಸ ಲಾರಿಯ ಬಾಗಿಲ ಬಳಿ ನಿಲ್ಲಿಸಿ, ಕೈಗೆ ಕೀಲಿಕೈ ಕೊಟ್ಟು, ನಗು ಎಂದರು. ನಕ್ಕೆ. ಫೋಟೋ ಮುಗಿದ ಕೂಡಲೇ ಕೀಲಿಕೈ ವಾಪಸ್ ಇಸಿದುಕೊಂಡರು. ಆ ಲಾರಿಯನ್ನು ನಾನು ಇವತ್ತಿನವರೆಗೂ ಓಡಿಸಿಲ್ಲ. ನನ್ನ ಮುಖ ಮಾತ್ರ ಬ್ಯಾನರಾಗಿ ಗೇಟಿನ ಮೇಲೆ ಏರಿತು. ಅದರ ಕೆಳಗಿನಿಂದ ದಿನಾ ಕೆಲಸಕ್ಕೆ ಹೋಗುವಾಗ ಗೇಟಿನ ಕಾವಲುಗಾರ ನನ್ನನ್ನೇ ತಡೆದು, ಯಾರು ನೀನು, ಯಾರನ್ನು ನೋಡಬೇಕು ಎಂದು ಕೇಳುತ್ತಿದ್ದ.

ಅದು ದೇಶದ ತುಂಬ ಲಾರಿ ಓಡಿಸುವ ದೊಡ್ಡ ಸಾಗಣೆ ಕಂಪನಿ. ಹೆಣ್ಣುಮಕ್ಕಳಿಗೂ ಲಾರಿ ಕಲಿಸಿ ಕೆಲಸ ಕೊಡುತ್ತೇವೆ ಎಂದು ಅವರು ಸಾರಿದಾಗ ನಾನು ವಾಸ್ಕೋದಿಂದ ಹೋಟೆಲುಗಳಿಗೆ ಮೀನು ಸಾಗಿಸುವ ಟೆಂಪೋ ಓಡಿಸುತ್ತಿದ್ದೆ. ಗಾಡಿ ಓಡಿಸುವುದು ನನಗೆ ಹೊಸದಲ್ಲ. ಘಾಟಿನ ಮೇಲಿನ ಕನ್ನಡ ಸೀಮೆಯಿಂದ ದುಡಿಯಲು ಬಂದ ಅಪ್ಪ ಡಿಚೋಲಿಯ ಗಣಿಯಲ್ಲಿ ಅದಿರು ಹೊರುವ ಟಿಪ್ಪರ್ ಓಡಿಸುತ್ತಿದ್ದ. ಗಣಿ ನಿಂತ ಮೇಲೆ ವಾಸ್ಕೋದಲ್ಲಿದ್ದ ನಮ್ಮ ಬಳಿಗೇ ಬಂದು ಒಂದು ಅಪಾರ್ಟ್‌ಮೆಂಟಿನ ಗೇಟಿನಲ್ಲಿ ವಾಚ್‌ಮನ್ ಆದ. ಅವ್ವ ಬೀಚಿನಲ್ಲಿ ಪ್ರವಾಸಿಗಳಿಗೆ ಮಣಿಸರ, ಕಾಲ್ಗೆಜ್ಜೆ ಮಾರುತ್ತಾಳೆ. ನಮ್ಮ ಮನೆ ಮೊದಲು ವಾಸ್ಕೋದ ಬಾಯ್ನಾ ಸಮುದ್ರದಂಡೆಯಲ್ಲಿತ್ತು. ಸರ್ಕಾರದವರು ಅದನ್ನು ಕೆಡವಿದಾಗ ನಾನು ಅವ್ವನ ಸೆರಗು ಹಿಡಿದುಕೊಂಡು ನಿಂತಿದ್ದ ಕೂಸು. ಬುಲ್ಡೋಜರಿನ ಮೇಲೆ ಕೂತವನು ನಮ್ಮ ಕಡೆ ಒಂದು ಸಲವೂ ನೋಡಲಿಲ್ಲ. ದೊಡ್ಡ ಗಾಡಿ ಎಂದರೆ ನನಗೆ ಮೊದಲು ನೆನಪಾಗುವುದು ಅದೇ. ಅಂಥ ಎತ್ತರದ ಸೀಟಿನಲ್ಲಿ ನಾನೂ ಕೂರಬೇಕು ಎಂಬ ಹಟ ಯಾವಾಗ ಹುಟ್ಟಿತೋ ಗೊತ್ತಿಲ್ಲ, ಹುಟ್ಟಿದ್ದಂತೂ ಖರೆ.

ಮೊದಲ ಕೆಲವು ವಾರ ಕೋಣೆಯೊಳಗಿನ ಪಾಠ. ಪರದೆಯ ಮುಂದೆ ಸೀಟು, ಸ್ಟೇರಿಂಗ್, ಪೆಡಲ್. ಪರದೆಯ ಮೇಲಿನ ರಸ್ತೆಯಲ್ಲಿ ಗುಂಡಿಯಿಲ್ಲ, ದನವಿಲ್ಲ, ನಡುರಸ್ತೆಯಲ್ಲಿ ನಿಂತು ಜನರನ್ನು ಹತ್ತಿಸಿಕೊಳ್ಳುವ ಬಸ್ಸಿಲ್ಲ. ಗೋಡೆಯ ಮೇಲೆ ಸುರಕ್ಷತೆಯೇ ಮೊದಲು ಎಂದು ಇಂಗ್ಲಿಷಿನಲ್ಲಿ, ಹಿಂದಿಯಲ್ಲಿ, ಮರಾಠಿಯಲ್ಲಿ ಬರೆದಿದ್ದರು. ಆದರೆ ಇಡೀ ಯಾರ್ಡಿನಲ್ಲಿ ಹೆಂಗಸರಿಗೆ ಒಂದು ಶೌಚಾಲಯವೂ ಇರಲಿಲ್ಲ. ಇದ್ದದ್ದು ಮೇಲಿನ ಆಫೀಸಿನಲ್ಲಿ, ಅದಕ್ಕೂ ಬೀಗ. ಕೀಲಿ ಒಬ್ಬ ಗುಮಾಸ್ತನ ಡ್ರಾಯರಿನಲ್ಲಿ. ಪ್ರತಿ ಸಲ ಹೋಗಿ ಅವನ ಮುಂದೆ ನಿಂತು ಕೇಳಬೇಕು. ಅವನು ಕಂಪ್ಯೂಟರಿನಿಂದ ಕಣ್ಣು ತೆಗೆಯದೆ, "ಮತ್ತೆ ಬಂದೆಯಾ?" ಎನ್ನುತ್ತಿದ್ದ. ಸುತ್ತ ಕೂತವರು ನಗುತ್ತಿದ್ದರು. ನಾನು ಮಧ್ಯಾಹ್ನದವರೆಗೆ ನೀರು ಕುಡಿಯುವುದನ್ನೇ ಬಿಟ್ಟೆ. ನನ್ನ ಜೊತೆ ಸೇರಿದ್ದ ಇನ್ನೊಬ್ಬ ಹುಡುಗಿ ಫೋಂಡಾದವಳು. ಅವಳು ಕೆಲಸವನ್ನೇ ಬಿಟ್ಟಳು. ಮನೆಯಲ್ಲಿ ಮದುವೆ ಗೊತ್ತಾಯಿತಂತೆ ಎಂದು ಆಫೀಸಿನವರು ಎಲ್ಲರಿಗೂ ಹೇಳಿದರು. ಅದು ಸುಳ್ಳು. ಅವಳಿಗೆ ಉರಿಮೂತ್ರವಾಗಿ ಜ್ವರ ಬಂದಿತ್ತು.

ಪಾಠ ಮುಗಿದ ಮೇಲೆ ಹಿರಿಯ ಡ್ರೈವರ್ ಒಬ್ಬರ ಜೊತೆ ರಸ್ತೆಗೆ ಕಳಿಸುವುದು ಪದ್ಧತಿ. ಅಂಥ ಹಿರಿಯರನ್ನು ಉಸ್ತಾದ್ ಎನ್ನುತ್ತಾರೆ. ಹೆಣ್ಣುಹುಡುಗಿಯನ್ನು ಕರೆದುಕೊಂಡು ಹೋಗುವುದಿಲ್ಲ ಎಂದು ಒಬ್ಬೊಬ್ಬರೇ ಜಾರಿಕೊಂಡರು. ಕೊನೆಗೆ ಒಪ್ಪಿದವನು ವಿಜಯಪುರದ ಕಡೆಯ ಒಬ್ಬ ಮುಸಲ್ಮಾನ. ಬಿಳಿ ಗಡ್ಡ, ಒರಟು ಕೈ, ಕಡಿಮೆ ಮಾತು. ಕಂಪನಿ ಗೋವಾಕ್ಕೆ ಬಂದಾಗಿನಿಂದ ಇದ್ದವನು. ನಾನು ಚಾಚಾ ಎಂದು ಕರೆದೆ. ಅವನು ನನ್ನನ್ನು ಬೇಟಿ ಎಂದ.

"ನಿಮ್ಮಪ್ಪ ಮೈನಿಂಗ್ ಗಾಡಿ ಹೊಡೀತಿದ್ದನಂತಲ್ಲ?" ಎಂದು ಕೇಳಿದ ಮೊದಲ ದಿನ.

"ಹೌದ್ರಿ ಚಾಚಾ."

"ಹಂಗಾದ್ರ ಅವಾ ಕಲಿಸಿದ್ದೆಲ್ಲಾ ಮರತಬಿಡು. ಮೈನಿಂಗ್‌ನ್ಯಾಗ ಹೊಡೀತಿದ್ರಲ್ಲ, ಅದು ಡ್ರೈವಿಂಗ್ ಅಲ್ಲ, ಜೀವದ ಕೂಡ ಜೂಜು."

ಅವನು ಚೆನ್ನಾಗಿ ಕಲಿಸಿದ. ಅದನ್ನು ಹೇಳದೆ ಹೋದರೆ ನನ್ನ ಸಿಟ್ಟು ಯಾರಿಗೂ ಅರ್ಥವಾಗುವುದಿಲ್ಲ. ವೆರ್ಣಾದಿಂದ ಹುಬ್ಬಳ್ಳಿಗೆ ಹೋಗಿ ಬರುವುದು ನಮ್ಮ ಕೆಲಸ. ಫೋಂಡಾ ದಾಟಿ, ಮೊಲೆಮ್ ದಾಟಿ, ಅನಮೋಡ ಘಾಟ್ ಹತ್ತಬೇಕು. ಘಾಟ್ ಹತ್ತುವಾಗ ಎಂಜಿನ್ನಿನ ಸದ್ದು ಕೇಳಿ ಗೇರ್ ಬದಲಿಸುವುದು, ಇಳಿಯುವಾಗ ಬ್ರೇಕಿನ ಮೇಲೆ ಕಾಲು ಒತ್ತಿಕೊಂಡೇ ಕೂರದೆ ಸಣ್ಣ ಗೇರಿನಲ್ಲಿ ಎಂಜಿನ್ನಿನಿಂದಲೇ ಗಾಡಿಯನ್ನು ತಡೆಹಿಡಿಯುವುದು, ತಿರುವಿನಲ್ಲಿ ಕನ್ನಡಿಯಲ್ಲಿ ಹಿಂದಿನ ಗಾಲಿ ನೋಡುವುದು, ಎಲ್ಲವನ್ನೂ ಅವನೇ ಹೇಳಿಕೊಟ್ಟ. ತಪ್ಪಿದರೆ ಬಯ್ಯುತ್ತಿದ್ದ, ಆದರೆ ಹೆಣ್ಣು ಎಂದು ಬಯ್ಯುತ್ತಿರಲಿಲ್ಲ. ಅವ್ವ ಕಟ್ಟಿಕೊಟ್ಟ ಜೋಳದ ರೊಟ್ಟಿ, ಶೇಂಗಾ ಚಟ್ನಿಯನ್ನು ಇಬ್ಬರೂ ಹಂಚಿಕೊಂಡು ತಿನ್ನುತ್ತಿದ್ದೆವು. ರಾಮನಗರದಲ್ಲಿ ಅವನ ಪರಿಚಯದ ಒಂದು ಖಾನಾವಳಿ ಇತ್ತು. ಊಟ ಮಾಡಲಿ ಬಿಡಲಿ, ಅಲ್ಲಿ ಗಾಡಿ ನಿಲ್ಲಿಸಿ, ಖಾನಾವಳಿಯ ಅಕ್ಕನಿಗೆ, "ನಮ್ಮ ಹುಡುಗಿನ್ನ ಒಳಗ ಕರ್ಕೊಂಡ ಹೋಗ್ರಿ," ಎನ್ನುತ್ತಿದ್ದ. ನಾನು ಬಾಯಿಬಿಟ್ಟು ಕೇಳುವ ಪ್ರಸಂಗವೇ ಬರಲಿಲ್ಲ. ಇಡೀ ಕಂಪನಿಗೆ ಹೊಳೆಯದ್ದು ಅವನಿಗೆ ಹೊಳೆದಿತ್ತು.

ಮಳೆಗಾಲ ಮುಗಿದ ಮೇಲೆ ಒಂದು ದಿನ ನಾವು ಹುಬ್ಬಳ್ಳಿಯಿಂದ ಟೈಲ್ಸ್ ತುಂಬಿಕೊಂಡು ಬರುತ್ತಿದ್ದೆವು. ಗೋವಾದ ಸಮುದ್ರದಂಡೆಯಲ್ಲಿ ಕಟ್ಟುತ್ತಿದ್ದ ಒಂದು ಹೋಟೆಲಿನ ನೆಲಕ್ಕೆ ಹಾಸುವ ಟೈಲ್ಸ್. ಭಾರೀ ತೂಕ. ನಮ್ಮ ಗಾಡಿಯಲ್ಲಿ ಎಕ್ಸಾಸ್ಟ್ ಬ್ರೇಕ್ ಕೆಟ್ಟಿತ್ತು. ಘಾಟ್ ಇಳಿಯುವಾಗ ಎಂಜಿನ್ನಿನ ಉಸಿರು ಕಟ್ಟಿ ವೇಗ ತಗ್ಗಿಸುವ ಬ್ರೇಕ್ ಅದು. ಅದಿಲ್ಲದಿದ್ದರೆ ಎಲ್ಲ ಭಾರ ಗಾಲಿಯ ಬ್ರೇಕಿನ ಮೇಲೆ ಬೀಳುತ್ತದೆ. ಹಿಂದಿನ ಟ್ರಿಪ್ಪಿನಲ್ಲೇ ಚಾಚಾ ಯಾರ್ಡಿನಲ್ಲಿ ಹೇಳಿದ್ದ, ನನ್ನ ಎದುರಿಗೇ. ಮುಂದಿನ ಸರ್ವಿಸಿಗೆ ನೋಡೋಣ ಎಂದಿದ್ದರು.

ಅನಮೋಡದ ಚೆಕ್‌ಪೋಸ್ಟ್ ದಾಟುವಾಗ ಬೆಳಗಿನ ಬಿಸಿಲು. ಸ್ಟೇರಿಂಗಿನಲ್ಲಿ ನಾನಿದ್ದೆ. ಸಣ್ಣ ಗೇರಿನಲ್ಲೇ ಇಳಿಸುತ್ತಿದ್ದೆ. ಕೆಲವು ತಿರುವು ದಾಟಿದ ಮೇಲೆ ಪೆಡಲ್ ಒತ್ತಿದಷ್ಟು ಗಾಡಿ ಹಿಡಿಯುತ್ತಿಲ್ಲ ಎನ್ನಿಸಿತು. ಒತ್ತಿದಾಗೆಲ್ಲ ಬ್ರೇಕಿಗೆ ಹೋಗುವ ಗಾಳಿಯ ಒತ್ತಡ ತೋರಿಸುವ ಮುಳ್ಳು ಕೆಳಗಿಳಿಯುತ್ತಿತ್ತು, ಮೇಲೇಳಲು ತಡ ಮಾಡುತ್ತಿತ್ತು. ಸುಟ್ಟ ವಾಸನೆ ಕ್ಯಾಬಿನ್ನಿಗೆ ಬಂತು.

"ಚಾಚಾ, ಬ್ರೇಕ್ ಹಿಡಿಯವಲ್ತು."

ಅವನು ಮೂಗು ಎತ್ತಿ ವಾಸನೆ ನೋಡಿದ. "ಮುಂದ ಎಡಕ್ಕ ಜಾಗಾ ಐತಿ. ಅಲ್ಲಿ ಹಾಕು. ಗಡಬಡಿಸಬ್ಯಾಡ."

ಗುಡ್ಡದ ಕಡೆ ರಸ್ತೆ ಸ್ವಲ್ಪ ಅಗಲವಾಗಿತ್ತು. ಗಾಡಿಯನ್ನು ಗುಡ್ಡಕ್ಕೆ ಉಜ್ಜಿದಂತೆ ಅಲ್ಲಿಗೆ ಒಯ್ದು ನಿಲ್ಲಿಸಿದೆ. ಅಲ್ಲಿಂದ ಮುಂದೆ ರಸ್ತೆ ಕಡಿದಾಗಿ ತಿರುಗಿ, ಕಣಿವೆಯ ಅಂಚಿಗೆ ಹೋಗುತ್ತಿತ್ತು. ಹ್ಯಾಂಡ್‌ಬ್ರೇಕ್ ಎಳೆದು ಇಳಿದು, ಗುಡ್ಡದ ಬುಡದಿಂದ ದೊಡ್ಡ ದೊಡ್ಡ ಕಲ್ಲು ಹೊತ್ತು ತಂದು ಗಾಡಿ ಜಾರದಂತೆ ಗಾಲಿಗಳಿಗೆ ಕೊಟ್ಟೆ. ಹಿಂದಿನ ಎಡಗಾಲಿಯಿಂದ ಹೊಗೆ ಬರುತ್ತಿತ್ತು. ಹೆದರಿಕೆಯಾಗಿತ್ತು, ಇಲ್ಲ ಎನ್ನುವುದಿಲ್ಲ.

ಕಂಪನಿಯ ಕಂಟ್ರೋಲ್ ರೂಮಿನಲ್ಲಿ ಕೂತವರಿಗೆ ಯಾವ ಗಾಡಿ ಎಲ್ಲಿ ನಿಂತಿದೆ ಎಂದು ಪರದೆಯ ಮೇಲೆ ಕಾಣುತ್ತದೆ. ಕೂಡಲೇ ಫೋನ್ ಬಂತು. ಹಿಂದಿಯಲ್ಲಿ ಒಬ್ಬ ತರುಣನ ದನಿ, ಬಹಳ ಮರ್ಯಾದೆಯ ದನಿ. ಗಾಡಿ ಯಾಕೆ ನಿಂತಿದೆ, ಹೋಟೆಲಿನವರು ಕಾಯುತ್ತಿದ್ದಾರೆ ಎಂದ. ಬ್ರೇಕಿನ ವಿಷಯ ಹೇಳಿದೆ. ಮೆಕ್ಯಾನಿಕ್ ಕಳಿಸಿ ಎಂದೆ. ಘಾಟಿಗೆ ಮೆಕ್ಯಾನಿಕ್ ಕಳಿಸಿದರೆ ಇಡೀ ದಿನ ಹೋಗುತ್ತದೆ, ಗಾಲಿ ತಣ್ಣಗಾಗಲಿ, ನೀನು ಕಲಿಯುವವಳು, ಸೀಟನ್ನು ಸೀನಿಯರಿಗೆ ಕೊಡು, ಅವರು ನಿಧಾನ ಇಳಿಸುತ್ತಾರೆ ಎಂದ. ಫೋನ್ ಚಾಚಾನ ಕೈಗೆ ಹೋಯಿತು. ಚಾಚಾ ಜೀ ಸಾಬ್, ಜೀ ಸಾಬ್ ಎಂದ.

ಸ್ವಲ್ಪ ಹೊತ್ತು ಕಾದು ಅವನು ಸೀಟು ಹತ್ತಿ ಎಂಜಿನ್ ಚಾಲೂ ಮಾಡಿದ. ಕಿಟಕಿಯಿಂದ ತಲೆ ಹೊರಗೆ ಹಾಕಿದ.

"ಬೇಟಿ, ಕಲ್ಲು ತಗಿ."

"ತಗ್ಯೂದಿಲ್ಲ್ರಿ."

"ತಗಿ ಅಂದ್ನಲ್ಲ. ಸಾಬ್ ಒದರಾಕತ್ತಾನ."

"ಸಾಬ್ ಒದರಲಿ. ಬೇಕಾದ್ರ ಅವರ ಬಂದು ಇಳಿಸಲಿ. ನಾ ತಗ್ಯೂದಿಲ್ಲ್ರಿ ಚಾಚಾ."

ನಾನು ಹೋಗಿ ರಸ್ತೆಯಂಚಿನ ಮೋಟುಗೋಡೆಯ ಮೇಲೆ ಕೂತೆ. ಅವನು ಫೋನಿನಲ್ಲಿ, ಹುಡುಗಿ ಕಲ್ಲು ತೆಗೆಯುತ್ತಿಲ್ಲ ಸಾಬ್, ನಾನೇನು ಮಾಡಲಿ ಎಂದು ಹೇಳುವುದು ಕೇಳಿಸಿತು. ಮತ್ತೆ ಫೋನ್, ಮತ್ತೆ ಅದೇ ಮಾತು. ಕಡೆಗೆ ನಾನೇ ಕೆಳಗಿಳಿಯುತ್ತಿದ್ದ ಒಂದು ತರಕಾರಿ ಟೆಂಪೋ ನಿಲ್ಲಿಸಿ, ಮೊಲೆಮ್‌ನಲ್ಲಿ ಗ್ಯಾರೇಜಿನವನಿಗೆ ಸುದ್ದಿ ಮುಟ್ಟಿಸಲು ಬೇಡಿಕೊಂಡೆ. ಟೆಂಪೋದವನು ನಂಬಿಗಸ್ತ. ಮಧ್ಯಾಹ್ನದ ಹೊತ್ತಿಗೆ ಒಬ್ಬ ಮೆಕ್ಯಾನಿಕ್ ಬೈಕಿನ ಹಿಂದೆ ಚೀಲ ಕಟ್ಟಿಕೊಂಡು ಬಂದ. ಗಾಡಿಯ ಕೆಳಗೆ ತೂರಿದವನು ಅಲ್ಲಿಂದಲೇ ಕೊಂಕಣಿಯಲ್ಲಿ ಬಯ್ಯತೊಡಗಿದ. ಬ್ರೇಕಿನ ಲೈನಿಂಗ್ ಒಡೆದು ಉದುರಿದೆ, ಗಾಳಿಯ ಪೈಪಿನಲ್ಲಿ ಸೀಳು ಬಿಟ್ಟಿದೆ, ಇದರಲ್ಲಿ ಇಳಿದಿದ್ದರೆ ಮುಂದಿನ ತಿರುವಿನಲ್ಲೇ ನಿಮ್ಮನ್ನು ಕಣಿವೆಯಿಂದ ಎತ್ತಬೇಕಾಗುತ್ತಿತ್ತು ಎಂದ. ಚಾಚಾ ಗಡ್ಡ ನೀವಿಕೊಳ್ಳುತ್ತ ಅವನ ಮಾತನ್ನು ಪೂರ್ತಿ ಕೇಳಿಸಿಕೊಂಡ. ಆಮೇಲೆ ನನ್ನ ತಲೆಯ ಮೇಲೆ ಕೈ ಇಟ್ಟ. ಬಾಯಲ್ಲಿ ಹೇಳುವುದು ಬೇಡ, ಇಷ್ಟು ಸಾಕು ಎಂದುಕೊಂಡೆ ನಾನು, ಪೆದ್ದಿ.

ರಿಪೇರಿಯಾಗಿ ಸಂಜೆಯ ಹೊತ್ತಿಗೆ ಟೈಲ್ಸ್ ಹೋಟೆಲು ಮುಟ್ಟಿತು. ಒಂದೂ ಒಡೆದಿರಲಿಲ್ಲ.

ಮರುದಿನ ಮ್ಯಾನೇಜರ್ ಇಬ್ಬರನ್ನೂ ಕರೆಸಿದ. ಗಾಡಿ ಇಡೀ ದಿನ ಯಾಕೆ ನಿಂತಿತು ಎಂದು ಹಿಂದಿಯಲ್ಲಿ ಕೇಳಿದ, ನನ್ನನ್ನಲ್ಲ, ಚಾಚಾನನ್ನು. ಚಾಚಾ ಈಗ ಹೇಳುತ್ತಾನೆ, ಕೆಟ್ಟ ಬ್ರೇಕಿನ ಗಾಡಿಯನ್ನು ಘಾಟಿಗೆ ಕಳಿಸಿದವರು ಯಾರು ಎಂದು ಕೇಳುತ್ತಾನೆ ಎಂದು ನಾನು ಅವನ ಕಡೆಗೇ ನೋಡುತ್ತಿದ್ದೆ. ಅವನು ಎರಡೂ ಕೈ ಮುಂದೆ ಕಟ್ಟಿಕೊಂಡು ಮೇಜಿನ ಕಾಲು ನೋಡುತ್ತ ಹೇಳಿದ:

"ಲಡ್ಕೀ ಡರ್ ಗಯೀ, ಸಾಬ್."

ಹುಡುಗಿ ಹೆದರಿಬಿಟ್ಟಳು. ಅಷ್ಟೇ.

"ಬ್ರೇಕ್?" ಎಂದೆ ನಾನು. "ಬ್ರೇಕ್ ಹೋಗಿತ್ತಲ್ಲ್ರಿ ಚಾಚಾ, ಹೇಳ್ರಿ!"

"ಸ್ವಲ್ಪ ಬಿಸಿ ಆಗಿತ್ತು, ಸಾಬ್," ಎಂದ ಅವನು ಹಿಂದಿಯಲ್ಲೇ. "ಹೊಸಬರು ಗಾಬರಿ ಆಗ್ತಾರ."

ಮೆಕ್ಯಾನಿಕನನ್ನು ಕೇಳಿ ಎಂದೆ. ಅವನು ಕಂಪನಿಯ ಮೆಕ್ಯಾನಿಕ್ ಅಲ್ಲ, ಹೊರಗಿನವನ ಮಾತು ನಾವು ಪರಿಗಣಿಸುವುದಿಲ್ಲ ಎಂದ ಮ್ಯಾನೇಜರ್. ಕಂಪನಿಯ ಮೆಕ್ಯಾನಿಕನನ್ನು ಕಳಿಸಲು ಒಪ್ಪದವರೂ ಇವರೇ. ಅಳು ಬಂದರೆ ಹುಡುಗಿ ಎನ್ನುತ್ತಾರೆ, ಕೂಗಿದರೆ ತಲೆಕೆಟ್ಟವಳು ಎನ್ನುತ್ತಾರೆ. ನಾನು ಕೂಗಿದೆ. ಕನ್ನಡದಲ್ಲೇ ಕೂಗಿದೆ, ಆ ಕೋಣೆಯಲ್ಲಿ ಚಾಚಾನ ಹೊರತು ಯಾರಿಗೂ ಅರ್ಥವಾಗದ ಹಾಗೆ. ಸಾಯಿಸಾಕ ಕಳಿಸಿದ್ರಿ, ಬದುಕಿ ಬಂದ್ರ ಹೆದರಿದಿ ಅಂತೀರಿ ಎಂದೆ. ಚಾಚಾ ತಲೆ ಎತ್ತಲಿಲ್ಲ.

ನನ್ನನ್ನು ರಸ್ತೆಯಿಂದ ತೆಗೆದು ಮತ್ತೆ ಪರದೆಯ ಕೋಣೆಗೆ ಹಾಕಿದರು. ತರಬೇತಿ ಮುಗಿಯುವುದು ಮುಂದಕ್ಕೆ ಹೋಯಿತು. ಅದರ ಮೇಲೆ, ಭಯ ಬಿಡಿಸುವ ತರಗತಿ ಎಂದು ಮುಂಬೈಯ ಒಬ್ಬ ಮೇಡಂ ಲ್ಯಾಪ್‌ಟಾಪಿನಲ್ಲಿ ಕಾಣಿಸಿಕೊಂಡರು. ಕಣ್ಣು ಮುಚ್ಚಿ ನಿಧಾನವಾಗಿ ಉಸಿರು ಬಿಡಿ ಎಂದರು. ನಿಮಗೆ ಯಾವುದರ ಭಯ, ಮನಸ್ಸು ಬಿಚ್ಚಿ ಹೇಳಿ ಎಂದರು. ನಿಮ್ಮ ಕಂಪನಿಯ ಬ್ರೇಕಿನ ಭಯ ಎಂದೆ. ಅವರು ನಕ್ಕು, ಅದರ ಹಿಂದಿರುವ ಭಯ ಯಾವುದು, ಬಾಲ್ಯದ್ದೇನಾದರೂ ಇದೆಯೇ ಎಂದು ಕೇಳಿದರು. ನಾನು ಲ್ಯಾಪ್‌ಟಾಪ್ ಮುಚ್ಚಿ ಎದ್ದು ಬಂದೆ. ಅದೂ ನನ್ನ ಲೆಕ್ಕಕ್ಕೆ ಉದ್ಧಟತನವಾಗಿ ಸೇರಿತು.

ಮನೆಯಲ್ಲಿ ಅಪ್ಪನಿಗೆ ಎಲ್ಲ ಹೇಳಿದೆ. ಅವನು ವಾಚ್‌ಮನ್ ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಕೇಳಿದ.

"ಸುಮ್ಮನ ಇಳಿಸಿಬಿಡಬೇಕಿತ್ತು. ನಾವು ಡಿಚೋಲ್ಯಾಗ ಎಷ್ಟ ಸಲ ಬ್ರೇಕ್ ಇಲ್ಲದ ಹೊಡದೇವಿ. ಮಾಲಕನ ಮುಂದ ಆಗೂದಿಲ್ಲ ಅಂತ ಒಬ್ಬರೂ ಅನ್ನಲಿಲ್ಲ."

"ಅನ್ನಲಿಲ್ಲಂತ ಏನ ಸಿಕ್ಕಿತು ಅಪ್ಪಾ?" ಎಂದೆ. ದನಿ ಏರಿತ್ತು. "ಗಣಿ ನಿಂತ ದಿನಾ ಆ ಮಾಲಕ ಬಂದು ಉಂಡಿಯೇನಪಾ ಅಂತ ಕೇಳಿದ್ನೇನು?"

ಅಪ್ಪ ಟೋಪಿ ಹಾಕಿಕೊಂಡು ಕೆಲಸಕ್ಕೆ ಹೋದ. ಅವನು ಮೆಟ್ಟಿಲು ಇಳಿಯುವ ಸದ್ದು ಕೇಳುತ್ತ ಕೂತಾಗ ನನಗೆ ಅವನ ಮೇಲೆ ಮರುಕ ಬರಬೇಕಿತ್ತು. ಬರಲಿಲ್ಲ. ಹೀಗೆ ಹೂಂ ಹೂಂ ಎನ್ನುತ್ತ ಬಂದ ಎಲ್ಲ ಗಂಡಸರ ಮೇಲೂ ಉರಿಯುತ್ತಿತ್ತು. ಮಣಿಸರ ಪೋಣಿಸುತ್ತ ಕೂತಿದ್ದ ಅವ್ವ ಮಾತ್ರ, "ಕಲ್ಲು ಕೊಟ್ಟದ್ದು ಚಲೋ ಮಾಡಿದಿ. ಇಲ್ಲಾಂದ್ರ ಇವತ್ತ ನಾ ಯಾರ ಮಾರಿ ನೋಡಬೇಕಿತ್ತು?" ಎಂದಳು. ನೌಕರಿ ಬಿಟ್ಟುಬಿಡಲೇ ಎಂದು ಅವಳನ್ನು ಕೇಳಿದೆ. "ಬಿಟ್ರ ಅವರಿಗೆ ಚಲೋ ಆಕ್ಕೈತಿ," ಎಂದಳು. ಆ ಮಾತಿಗೇ ನಾನು ಉಳಿದೆ.

ಚಾಚಾ ನನ್ನ ಕಣ್ಣು ತಪ್ಪಿಸಿಕೊಂಡು ಓಡಾಡುತ್ತಿದ್ದ. ಒಂದು ಸಂಜೆ ಯಾರ್ಡಿನ ಹೊರಗಿನ ಚಹಾ ಗಾಡಿಯ ಬಳಿ ಒಬ್ಬನೇ ಕೂತಿದ್ದ. ಹೋಗಿ ಎದುರಿಗೆ ನಿಂತೆ.

"ಕುಂದ್ರು ಬೇಟಿ. ಚಹಾ ಹೇಳಲೇನು?"

"ನಿಮ್ಮ ಚಹಾ ಬ್ಯಾಡ್ರಿ. ಸುಳ್ಳ್ಯಾಕ ಹೇಳಿದ್ರಿ?"

ಅವನು ಗ್ಲಾಸು ಕೆಳಗಿಟ್ಟ. "ನಿನಗ ವಯಸ್ಸೈತಿ. ಇಲ್ಲಿ ಬಿಟ್ರ ಇನ್ನೊಂದ ಕಡೆ ತಗೋತಾರ. ಹೆಣ್ಣ ಡ್ರೈವರ್ ಅಂತ ಕರದು ಕೊಡ್ತಾರ. ನನ್ನ ಕಣ್ಣಿಗೆ ಪೊರೆ ಬರಾಕತ್ತೈತಿ, ಇನ್ನೂ ಯಾರಿಗೂ ಹೇಳಿಲ್ಲ. ಇಲ್ಲಿಂದ ತಗದ್ರ ನಾ ಎಲ್ಲಿ ಹೋಗ್ಲಿ? ಬ್ರೇಕಿನ ಮಾತ ಎತ್ತಿದ್ರ, ಮತ್ತ ನೀ ಯಾಕ ಗಾಡಿ ತಂದಿ ಅಂತ ನನ್ನ ಕುತ್ತಿಗಿಗೇ ಬರ್ತಿತ್ತು."

"ಅದಕ್ಕ ನನ್ನ ಕುತ್ತಿಗಿಗೆ ಕಟ್ಟಿದ್ರಿ?"

ಅಷ್ಟು ದಿನ ನನ್ನ ತಲೆಯಲ್ಲಿ ಕೊರೆಯುತ್ತಿದ್ದ ಒಂದು ಮಾತು ಆಗ ಹೊರಗೆ ಬಂತು.

"ಒಂದ ಮಾತ ಖರೇ ಹೇಳ್ರಿ ಚಾಚಾ. ಆ ದಿನಾ ನಾ ಕಲ್ಲು ತಗೀಲಿಲ್ಲ. ನೀವು ಎಂಜಿನ್ ಚಾಲೂ ಮಾಡಿ ಸೀಟಿನ ಮ್ಯಾಲ ಕುಂತಿದ್ರಿ. ಇಳದು ಕಲ್ಲು ತಗ್ಯಾಕ ನಿಮಗ ಎಷ್ಟೊತ್ತು? ನೀವ್ಯಾಕ ಇಳೀಲಿಲ್ಲ್ರಿ?"

ಅವನು ನನ್ನನ್ನು ನೋಡಿದ. ಆ ನೋಟದಲ್ಲಿ ಉತ್ತರ ಇತ್ತು. ಅವನಿಗೂ ಸಾಯಲು ಮನಸ್ಸಿರಲಿಲ್ಲ. ಆದರೆ ಇಳಿಸುವುದಿಲ್ಲ ಎಂದು ತನ್ನ ಬಾಯಿಂದ ಹೇಳಲೂ ಆಗಲಿಲ್ಲ. ನನ್ನ ಹಟದ ಹಿಂದೆ ಅಡಗಿ ಕೂತು ಜೀವ ಉಳಿಸಿಕೊಂಡ, ಮರುದಿನ ಅದೇ ಹಟವನ್ನು ತೋರಿಸಿ ನೌಕರಿ ಉಳಿಸಿಕೊಂಡ.

"ಹೇಳ್ರಿ," ಎಂದೆ.

"ಚಹಾ ಆರಾಕತ್ತೈತಿ," ಎಂದು ಗ್ಲಾಸು ಎತ್ತಿಕೊಂಡ. ಅವಸರದಲ್ಲಿ ಕುಡಿಯಲು ಹೋಗಿ ಗಡ್ಡದ ಮೇಲೆ ಚೆಲ್ಲಿಕೊಂಡ. ನಾನು ಅಲ್ಲಿಂದ ಬಂದುಬಿಟ್ಟೆ.

ಆಮೇಲೆ ನನ್ನನ್ನು ಬೇರೆ ಉಸ್ತಾದನ ಜೊತೆ ಹಾಕಿದರು. ಅವನು ದಾರಿಯುದ್ದಕ್ಕೂ ಮೊಬೈಲಿನಲ್ಲಿ ಕ್ರಿಕೆಟ್ ನೋಡುತ್ತಿದ್ದ, ನನಗೆ ಕಲಿಸಲು ಅವನಲ್ಲಿ ಏನೂ ಇರಲಿಲ್ಲ. ಚಾಚಾ ಕಲಿಸಿದ್ದೇ ಕೈಯಲ್ಲಿತ್ತು, ಅದರಲ್ಲೇ ಪರೀಕ್ಷೆ ಪಾಸಾದೆ. ಅದಕ್ಕೂ ನನಗೆ ಸಿಟ್ಟು. ಗೇರ್ ಹಾಕುವಾಗೆಲ್ಲ ಅವನ ದನಿಯೇ ಕೇಳಿಸುತ್ತದೆ.

ಈಗ ನನಗೇ ಒಂದು ಗಾಡಿ ಕೊಟ್ಟಿದ್ದಾರೆ. ಘಾಟಿಗೆ ಹೋಗುವ ಎಲ್ಲ ಗಾಡಿಗಳ ಬ್ರೇಕನ್ನು ಹೊರಡುವ ಮೊದಲು ನೋಡಬೇಕು ಎಂಬ ನಿಯಮ ಬಂದಿದೆ. ಅದಕ್ಕೂ ನನ್ನ ಪ್ರಕರಣಕ್ಕೂ ಸಂಬಂಧವಿಲ್ಲ, ಮೊದಲೇ ಯೋಚಿಸಿದ್ದೆವು ಎಂದು ಮ್ಯಾನೇಜರ್ ಎಲ್ಲರ ಮುಂದೆ ಹೇಳಿದ. ಹೆದರಿದಳು ಎಂದು ನನ್ನ ಮೇಲೆ ಹೊರಿಸಿದ್ದನ್ನು ಮಾತ್ರ ಯಾರೂ ವಾಪಸ್ ತೆಗೆದುಕೊಂಡಿಲ್ಲ. ತಿಂಗಳಿಗೊಮ್ಮೆಯಾದರೂ ಅದನ್ನು ಎತ್ತುತ್ತೇನೆ. ಅವಳು ಬಂದಳು ಎಂದು ಆಫೀಸಿನಲ್ಲಿ ಮುಖ ಸಿಂಡರಿಸುತ್ತಾರೆ. ಸಿಂಡರಿಸಲಿ.

ಚಾಚಾ ಇನ್ನೂ ಅದೇ ದಾರಿಯಲ್ಲಿದ್ದಾನೆ. ನಾನು ಘಾಟ್ ಹತ್ತುವಾಗ ಅವನು ಕೆಲವೊಮ್ಮೆ ಎದುರು ಇಳಿಯುತ್ತಿರುತ್ತಾನೆ, ಸಣ್ಣ ಗೇರಿನಲ್ಲಿ, ಕಣ್ಣು ಕಿರಿದು ಮಾಡಿಕೊಂಡು. ನನ್ನ ಗಾಡಿ ಗುರುತು ಹಿಡಿದರೆ ಕಿಟಕಿಯಿಂದ ಕೈ ಎತ್ತುತ್ತಾನೆ. ಅವನ ಪೊರೆಯ ವಿಷಯ ನಾನು ಯಾರಿಗೂ ಹೇಳಿಲ್ಲ. ಹೇಳಬೇಕು, ಆ ಕಣ್ಣಿನಲ್ಲಿ ಅವನು ಈ ತಿರುವುಗಳಲ್ಲಿ ಇರಬಾರದು ಎಂದು ಗೊತ್ತು. ಹೇಳಿದರೆ ಅದನ್ನು ಸೇಡು ಎನ್ನುತ್ತಾರೆ ಎನ್ನುವುದೂ ಗೊತ್ತು. ಹೋದ ವಾರ ಎದುರಾದಾಗ ಹಾರ್ನ್ ಹೊಡೆದು ಅವನ ಗಾಡಿ ನಿಲ್ಲಿಸಿದೆ. ಕಿಟಕಿಗೆ ಕಿಟಕಿ ತಾಗುವಷ್ಟು ಹತ್ತಿರ ನಿಂತು, "ಈ ತಿಂಗಳದಾಗ ಕಣ್ಣಿನ ಆಪರೇಷನ್ ಮಾಡಿಸ್ಕೋರಿ. ಇಲ್ಲಾಂದ್ರ ನಾನ ಹೋಗಿ ಹೇಳ್ತೀನಿ," ಎಂದೆ. ಹಿಂದಿನ ಗಾಡಿಗಳು ಹಾರ್ನ್ ಹೊಡೆಯುತ್ತಿದ್ದವು. ಅವನು ಏನೋ ಹೇಳಲು ಬಾಯಿ ತೆರೆದ. ಕೇಳಿಸಿಕೊಳ್ಳಲು ನಾನು ನಿಲ್ಲಲಿಲ್ಲ. ಗೇರ್ ಹಾಕಿ ಮೇಲಕ್ಕೆ ಹೋದೆ.